ಮಡಿ ಕರೆಂಟು

ಎರಡೂ ಕಂಬ ನೆಟ್ಟವನು ನಾನೇ.
ಮೊದಲನೆಯದು ಕುರಮೊಚಿಯವರ ಹಿತ್ತಿಲಲ್ಲಿ,
ಮೂಲಂಗಿ ಪಾತಿಯ ನಟ್ಟನಡುವೆ.
ಬೀದಿಯ ಕರೆಂಟು ಎಂಜಲಂತೆ.
ಪಕ್ಕದ ನಿಶಿವಾಕಿಯವರ ಅನ್ನದ ಕುಕ್ಕರು
ಬಾಯಿಟ್ಟು ಬಿಟ್ಟದ್ದು ಇವರ ಪಿಟೀಲಿಗೆ ಮೆತ್ತಿಕೊಳ್ಳುತ್ತದಂತೆ.
ಸ್ವಂತ ಕಂಬ, ಸ್ವಂತ ಟ್ರಾನ್ಸ್‌ಫಾರ್ಮರು,
ಮುಟ್ಟಿಸಿಕೊಳ್ಳದ ಮಡಿ ಕರೆಂಟು.

ವಾರ ಕಳೆದಿಲ್ಲ, ಬೇಲಿಯಾಚೆಯಿಂದ ಫೋನು:
"ಅವರದೆಷ್ಟು ಎತ್ತರ?"
"ಹನ್ನೆರಡು ಮೀಟರು."
"ನನಗೆ ಹದಿಮೂರು."
ಹದಿಮೂರರದು ಮಾಡುವುದೇ ಇಲ್ಲ.
ಹದಿನಾಲ್ಕರದು ತಂದು
ಒಂದು ಮೀಟರು ಹೆಚ್ಚಿಗೆ ಹೂತೆ.

ತೊಕಾಮಾಚಿಯ ನಾದಪ್ರಿಯರ ಬಳಗ
ಹದಿನೇಳು ಮಂದಿಯದು. ಕಂಬ ಬಂದ ಮೇಲೆ
ಎಂಟು ಅತ್ತ, ಎಂಟು ಇತ್ತ.
ಮಿಕ್ಕವರು ದಂತವೈದ್ಯ ಒಕುಯಾಮಾ,
ಎರಡೂ ಕಡೆಯ ಹಲ್ಲು ಬೇಕಲ್ಲ,
ಎರಡೂ ಕಡೆ ತಲೆದೂಗುತ್ತಾರೆ.

ಜಲವಿದ್ಯುತ್ತಿನಲ್ಲಿ ಸ್ವರಕ್ಕೆ ತೇವ, ಎನ್ನುವರು ಕುರಮೊಚಿ.
ಕಲ್ಲಿದ್ದಲಿನದಾದರೆ ಚೆಲ್ಲೋ ಹದವಾಗಿ ಬೇಯುತ್ತದೆ, ಇವರು.
ತೇವವೋ ಬೇಯುವುದೋ,
ಇಬ್ಬರಿಗೂ ಬರುವುದು ಸೇತುವೆಯಾಚೆಯ ಒಂದೇ ಉಪಕೇಂದ್ರದಿಂದ.
ನಾನು ಹೇಳಲಿಲ್ಲ.
ಎರಡನೇ ಕಂಬದ ದುಡ್ಡು ಬರುವುದಿತ್ತು.

ಮೂರು ಚಳಿಗಾಲ ಹೋದೆ, ಒಂದು ಹಾಡೂ ಪೂರ್ತಿ ಕೇಳಲಿಲ್ಲ.
ಒಂದೇ ತಟ್ಟೆ, ಮೊದಲ ನಲವತ್ತು ಸೆಕೆಂಡು,
ಅದರಲ್ಲೊಬ್ಬ ಸಭಿಕ ಕೆಮ್ಮುತ್ತಾನೆ.
ಮೂರನೇ ಸಾಲಿನವನು, ಎಂದು ಅವರು.
ನಾಲ್ಕನೆಯದು, ಮೇಲಾಗಿ ಉಣ್ಣೆಯ ಶಾಲು ಹೊದ್ದಿದ್ದಾನೆ, ಎಂದು ಇವರು.
ಕೆಮ್ಮಿದವನು ಸತ್ತು ಯಾವ ಕಾಲವಾಯಿತೋ!
ಅಡುಗೆಮನೆಯಲ್ಲಿ ಕುರಮೊಚಿಯವರ ಹೆಂಡತಿ ಫುಸಾಯೆ,
ಮುರಿದ ಆಂಟೆನಾಕ್ಕೆ ತಿನ್ನುವ ಕಡ್ಡಿ ಕಟ್ಟಿದ ರೇಡಿಯೊ ಇಟ್ಟುಕೊಂಡು
ಕೊನೆಯ ಚರಣದವರೆಗೂ ಗುನುಗುತ್ತಾ ಮೀನು ಸೀಳುತ್ತಾರೆ.

ಫೆಬ್ರವರಿಯಲ್ಲಿ ಇತ್ಯರ್ಥಕ್ಕೆ ಕೂತರು.
ಒಂದೇ ಕೋಣೆ, ಎರಡು ಕಂಬದಿಂದ ಎರಡು ತಂತಿ,
ಕಣ್ಣು ಕಟ್ಟಿ ಕೇಳುವ ತೀರ್ಪುಗಾರ ನಾನು.
ಲೈನಿನ ಮೇಲೆ ಸಿಡಿಲು ಬಡಿದು
ನನ್ನ ಬಲಗಿವಿ ಹೋಗಿ ಹತ್ತೊಂಬತ್ತು ವರ್ಷ.
ಯಾರೂ ಕೇಳಲಿಲ್ಲವಲ್ಲ.

ಮುಳ್ಳು ಇಳಿಯಿತು. ಕೆಮ್ಮು ಬರುವ ಮುಂಚೆಯೇ
ಕರೆಂಟು ಹೋಯಿತು.
ಊರಿನದೂ ಹೋಯಿತು, ಹನ್ನೆರಡರದೂ, ಹದಿಮೂರರದೂ.
ಬಟ್ಟೆ ಕಟ್ಟಿದ್ದರೂ ಗೊತ್ತಾಯಿತು,
ಇಬ್ಬರೂ ನನ್ನತ್ತಲೇ ತಿರುಗಿದ್ದಾರೆ.
ಅಷ್ಟರಲ್ಲಿ ಸೂರಿನಿಂದ
ಮೂರಡಿ ಹಿಮ ಜಾರಿ
ಧಬ್ಬ್.

"ಎಂಥಾ ಮಂದ್ರ!"
ಒಂದೇ ಉಸಿರಿಗೆ, ಇಬ್ಬರೂ.
ಒಕುಯಾಮಾ ಅತ್ತೇಬಿಟ್ಟರು, ಅಥವಾ ಸೀನಿದರೇನೋ.

ಆಮೇಲೆ: "ಅದು ನನ್ನ ಸೂರು."
"ನಿಮ್ಮದು ತಗಡು ಸ್ವಾಮಿ, ತಗಡಿಗೆಲ್ಲಿಯ ಆಳ?"
"ನೀನೇ ಹೇಳಯ್ಯ, ಎಡದಿಂದ ಬಂತೋ ಬಲದಿಂದಲೋ?"
ಒಂಟಿ ಕಿವಿಗೆ ದಿಕ್ಕೆಲ್ಲಿ!
ಗಂಭೀರವಾಗಿ ಅಂದೆ:
"ಇನ್ನೊಮ್ಮೆ ಬೀಳಲಿ."

ಹದಿನೇಳೂ ಜನ ಕೋಟು ತೊಟ್ಟು
ಅಂಗಳದಲ್ಲಿ ನಿಂತರು, ಕತ್ತು ಮೇಲೆ ಮಾಡಿ.
ಫುಸಾಯೆ ಸುಟ್ಟ ಗೆಣಸು ಹಂಚಿದರು.
ಅವರ ರೇಡಿಯೊ ಶೆಲ್ಲಿನದು, ಹಾಡುತ್ತಲೇ ಇತ್ತು.
"ಶ್!" ಎಂದರು ಎಲ್ಲರೂ ಅದಕ್ಕೆ.