ಓಸ್ಲೋದಲ್ಲಿ ಉಣ್ಣುವುದೆಲ್ಲಿ

ಪಣಂಬೂರಿಗೆ ಬಂದ ಬಿಳಿ ಹಡಗಿನಿಂದ ಇಳಿದವ
ರಿಕ್ಷಾ ಹತ್ತಿ ಕೇಳಿದ್ದು ದೇವಸ್ಥಾನ ಅಲ್ಲ, ಬೀಚೂ ಅಲ್ಲ:
‘ನೀನು ಉಣ್ಣುವುದೆಲ್ಲಿ?’

ಬಂದರಿನ ಓಣಿ, ಸೆವ್ರಿನ್ ಬಾಯಿಯ ನಾಲ್ಕು ಬೆಂಚು.
ಬೋರ್ಡಿಲ್ಲ, ಒಗ್ಗರಣೆಯ ಘಾಟೇ ಗುರುತು.
ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ.
ಮೊದಲ ತುತ್ತಿಗೆ ಕಿವಿ ಕೆಂಪು, ಎರಡಕ್ಕೆ ಮೂಗು.
ಆದರೂ ಬಿಡಲಿಲ್ಲ ಮಾರಾಯ.

‘ನಾನು ನಿಮ್ಮ ಓಸ್ಲೋಗೆ ಬಂದರೆ?’ ಎಂದೆ.
ಬರುವವನಲ್ಲ ಎಂದು ಇಬ್ಬರಿಗೂ ಗೊತ್ತು.
ಆದರೂ ಅವ ಕೈ ತೊಳೆಯದೆ ಯೋಚಿಸಿದ, ತುಂಬ ಹೊತ್ತು.

ದೊಡ್ಡ ಹೋಟೆಲು ಬೇಡ, ಕಿಸೆ ಸುಡುತ್ತದೆ.
ಧಕ್ಕೆಗೆ ಹೋಗು. ದೋಣಿಯಲ್ಲೇ ಬೇಯಿಸಿದ ಸಿಗಡಿ,
ಅದೇ, ನಮ್ಮ ಎಟ್ಟಿ,
ಕಾಗದದ ಪೊಟ್ಟಣದಲ್ಲಿ. ಕಾಲು ಇಳಿಬಿಟ್ಟು ಕೂತು ಸುಲಿ.
ಸಿಪ್ಪೆ ಹಕ್ಕಿಗೆ.

‘ಮಸಾಲೆ?’
‘ಇಲ್ಲ.’
‘ಸ್ವಲ್ಪವೂ?’
‘ಬೇಕಿದ್ದರೆ ನಿಂಬೆ.’

ಪಾಪ ಅನಿಸಿತು.
ಸೆವ್ರಿನ್ ಬಾಯಿಗೂ ಅನಿಸಿರಬೇಕು,
ಕೇಳದೆ ಇನ್ನೊಂದು ಬಂಗುಡೆ ಬಡಿಸಿದರು, ಲೆಕ್ಕಕ್ಕೆ ಬರೆಯದೆ.

ಹಡಗು ಹೋದ ಮರುದಿನ
ಬರೀ ನೀರಲ್ಲಿ ಬೇಯಿಸಿದ ಹತ್ತು ಎಟ್ಟಿ ಹಿಡಿದು
ನಮ್ಮ ಧಕ್ಕೆಯ ಅಂಚಿಗೆ ಕೂತೆ.
ಸಪ್ಪೆ.
ಸಪ್ಪೆ.
ಆರನೆಯದರಲ್ಲಿ ಏನೋ ಸಿಹಿ ಇತ್ತು,
ಇಷ್ಟು ವರ್ಷ ಮೆಣಸಿನಡಿ ಸುಮ್ಮನೆ ಕೂತಿದ್ದದ್ದು.

ಹದ್ದು ಸಿಪ್ಪೆಗೆ ಇಳಿಯಿತು.