ಏಣಿಗೂ ಜಾಗ

ಮೂರು ನಕ್ಷೆ ನಮ್ಮ ಮುಂದೆ, ಹಿತ್ತಿಲೊಂದೇ.
ದಾದಾಪೀರ್ ಒಗೆಯುವ ಕಲ್ಲಿನ ಮೇಲೆ ಬಳಪದಲ್ಲಿ ಗೀಚಿದ್ದು:
ಆರಕ್ಕೆ ಎಂಟು, ತಗಡಿನ ಹೊದಿಕೆ, ನಾಲ್ಕು ಆಂಗಲ್ ಕಾಲು,
"ಎರಡೇ ದಿನ ಅಕ್ಕಾ, ಮೂರನೇ ದಿನ ಬೀಗ ಹಾಕ್ಕೊಳ್ಳಿ."
ತಂಗಿಯ ಮಗ ಗ್ರಾಫ್ ಹಾಳೆಯಲ್ಲಿ ತಂದದ್ದು
ಇಟ್ಟಿಗೆ, ಆರ್‌ಸಿಸಿ, ಒಂದು ಕಿಟಕಿ.
ಸಲಿಕೆಗೂ ಗಾಳಿ ಬೇಕೇನೋ ಎಂದು ನಕ್ಕರು ಇವರು.
ಇವರದು ನಕ್ಷೆಯಲ್ಲ, ಬರೀ ಕೈ:
"ಇಲ್ಲಿಂದ ಹೀಗೆ ಬಂದು, ಹೀಗೆ ಹೋದರೆ, ಸಾಕು."

ಪಿಕಾಸಿ, ಕುಡುಗೋಲು, ಗಂಟುಬಿದ್ದ ಪೈಪು,
ಬೇವಿನ ಹಿಂಡಿಯ ಅರ್ಧ ಚೀಲ
ಎಲ್ಲ ಹೊರಗೆ ಹರವಿ ಟೇಪು ಹಿಡಿದೆವು.
ಜೋಗಿಮಟ್ಟಿ ಕಡೆಯಿಂದ ಬಂತಲ್ಲ,
ದುರ್ಗದ ಗಾಳಿಗೆ ದಾಕ್ಷಿಣ್ಯವೆಲ್ಲಿ,
ಗ್ರಾಫ್ ಹಾಳೆ ಗೋಡೆ ಹಾರಿ
ಬೋರಯ್ಯ ಮೇಷ್ಟ್ರ ಬದನೆ ಪಾತಿಗೆ ಬಿತ್ತು.

ಅವರಿಗೂ ನಮಗೂ ಮಾತಿಲ್ಲ.
ಅದೇ ಗೋಡೆಯ ಅರ್ಧ ಅಡಿಯ ದೆಸೆಯಿಂದ.

ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನಡಿ ಮಡಚಿಟ್ಟ ಹಾಳೆ.
ಕೆಂಪು ಪೆನ್ಸಿಲ್ಲು. ಕಿಟಕಿಗೆ ಕಾಟು.
ಬಾಗಿಲಿಗೊಂದು ಬಾಣ: "ಮೂಡಲಿಗೆ ತಿರುಗಿಸಿ.
ಆಷಾಢಕ್ಕೆ ಪಡುವಣದ ಬಾಗಿಲು ನಿಲ್ಲದು."
ಹಿಂಗೋಡೆಗುಂಟ ಮಲಗಿಸಿದ ಏಣಿ ಬೇರೆ ಬರೆದಿದ್ದಾರೆ,
ನಮ್ಮದೇ ಏಣಿ,
ಒಂಬತ್ತು ವರ್ಷದ ಹಿಂದೆ ಕೇಳಿ ಒಯ್ದದ್ದು;
ಹನ್ನೊಂದು ಮೆಟ್ಟಿಲು,
ಮುರಿದ ಮೂರನೆಯದನ್ನು ಮುರಿದ ಹಾಗೇ.

ಇವರು ಹಾಳೆಯನ್ನು ಎರಡು ಸಲ ನೋಡಿ
ಕನ್ನಡಕ ಒರೆಸಿ, ಮತ್ತೆ ನೋಡಿದರು.
ನಾನು ದಾದಾಪೀರನಿಗೆ ಫೋನ್ ಹಚ್ಚಿದೆ:
ಎಂಟಡಿ ಸಾಲದಪ್ಪ,
ಹತ್ತೂವರೆ ಹಿಡಿ.