ಏಳನೆಯ ಕಂತಿನ ಹೆಣ

ಹಚ್ಚು ಇನೇಶ್, ಹಚ್ಚು. ತುಟಿಗೆ ಆ ನೇರಳೆ,
ಕತ್ತಿಗೆ ಹಗ್ಗದ ಬರೆ. ನಾನು ಮಿಸುಕುವುದಿಲ್ಲ.
ಮೂವತ್ತೊಂದು ವರ್ಷ ಮಿಸುಕದೆ ಕೂತವಳು,
ಪೋರ್ಟೊದ ಕೋರ್ಟಿನಲ್ಲಿ, ಜಡ್ಜಿನ ಎಡಗಡೆ,
ಕಿಟಕಿಯ ಗಾಳಿ ನೇರ ಮಂಡಿಗೆ ಬಡಿಯುವ ಮೇಜಿನಲ್ಲಿ
ಆಡಿದ್ದನ್ನೆಲ್ಲ ಬರೆದುಕೊಂಡು.

ನಿಮ್ಮ ಡೈರೆಕ್ಟರು ಕೇಳಿದ: ಅನುಭವ ಇದೆಯೇ ಅಜ್ಜಿ?
ಇದೆಯಪ್ಪಾ ಅಂದೆ. ಕಣ್ಣು ಬಿಟ್ಟುಕೊಂಡೇ
ಸತ್ತಂತಿರುವ ಅನುಭವ.
ದಿನಕ್ಕೆ ಅರುವತ್ತು ಯೂರೋ, ಮಧ್ಯಾಹ್ನ ಎಲೆಕೋಸಿನ ಸೂಪು.

ಇವತ್ತು ನಾನು ಡೋರೊ ನದಿಯಲ್ಲಿ ಸಿಕ್ಕ ಅನಾಥೆ.
ಬೆಳಗಿನಿಂದ ನಾಲ್ಕು ಸಲ ದಡಕ್ಕೆಳೆದರು,
ನಾಲ್ಕು ಸಲವೂ ಆ ಉದ್ದನೆಯ ಇನ್ಸ್‌ಪೆಕ್ಟರು
ತನ್ನ ಕೋಟು ಬಿಚ್ಚಿ ನನಗೆ ಹೊದಿಸಿ
ಮೊಣಕಾಲೂರಿ, ಕಿವಿಯ ಹತ್ತಿರ ಬಂದು
'ನಿನಗೆ ನ್ಯಾಯ ಕೊಡಿಸುತ್ತೇನೆ' ಅಂದ.
ಬಾಯಲ್ಲಿ ಪೆಪ್ಪರ್ಮೆಂಟಿನ ವಾಸನೆ.

ನಗಬೇಡ. ಮೂರನೆಯ ಸಲ ನನಗೆ ಅಳು ಬಂತು.
ಹೆಣ ಅತ್ತರೆ ಟೇಕು ಹಾಳು. ನುಂಗಿಕೊಂಡೆ.

ಅಲ್ಲಿ ಯಾರೂ ಯಾರಿಗೂ ಹಾಗಂದದ್ದು ನಾ ಕೇಳಲಿಲ್ಲ.
ಅಲ್ಲಿ ಅನ್ನುತ್ತಿದ್ದದ್ದು: ಸಾಕ್ಷಿಗೆ ಜ್ವರ.
ವಕೀಲರಿಗೆ ಬೇರೆ ಕೇಸು. ಕಡತ ಕೆಳಗಿನ ಕೋಣೆಯಲ್ಲಿ,
ಕೀಲಿಕೈ ಇರುವವರು ರಜೆಯಲ್ಲಿ.
ಇಪ್ಪತ್ತೆರಡಕ್ಕೆ ಮುಂದೂಡಿದೆ.

ಒಂದು ಕೇಸು ಹೇಳಲೇ? ಅಲ್ಲಾಡುವುದಿಲ್ಲ, ನೀನು ಬಳಿ.
ಮತೊಜಿನ್ಯೋಸಿನ ಮೀನುಡಬ್ಬಿ ಕಾರ್ಖಾನೆಯ ಹುಡುಗಿ,
ಲುರ್ದೆಸ್. ಹತ್ತೊಂಬತ್ತು. ಕೊಂದವನು ಯಾರೆಂದು
ಬಂದರಿನ ಬೆಕ್ಕಿಗೂ ಗೊತ್ತಿತ್ತು.
ಮೊದಲ ವಾಯಿದೆಗೆ ಪೇಪರಿನವರು
ಅವಳ ಈಜುಡುಗೆಯ ಫೋಟೊ ಹಾಕಿದರು.
ಎರಡನೆಯದಕ್ಕೆ ಬರಲೇ ಇಲ್ಲ.
ತಾಯಿ ಜುಲ್ಮಿರಾ ಪ್ರತಿ ತಾರೀಖಿಗೂ ಬಂದಳು,
ತೊಳೆದು ತೊಳೆದರೂ ಕೈ ಬಿಡದ
ಸಾರ್ಡೀನಿನ ವಾಸನೆಗೆ ನಾಚಿ
ಕೊನೆಯ ಬೆಂಚಿನ ಕೊನೆಗೆ ಕೂತಳು.
ಒಂಬತ್ತು ವಾಯಿದೆ. ಆರು ವರ್ಷ. ಇಬ್ಬರು ಜಡ್ಜು.
ಕಡೆಗೊಂದು ದಿನ ಮುದುಕ ಜಡ್ಜು
ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು:
ಅಮ್ಮಾ, ನೀವೇನಾದರೂ ಹೇಳುವುದುಂಟೇ?
ಎದ್ದು ನಿಂತಳು.
ಗೋಡೆ ಗಡಿಯಾರದ ಲೆಕ್ಕದಲ್ಲಿ ನಾಲ್ಕು ನಿಮಿಷ ನಿಂತಳು.
ಕೂತಳು.

ನಾನು ಬರೆದೆ: ಹೇಳಲು ಏನೂ ಇಲ್ಲ ಎಂದರು.
ಇನೇಶ್, ಅವಳು ಹಾಗೆ ಅನ್ನಲಿಲ್ಲ.
ಇಡೀ ನೌಕರಿಯಲ್ಲಿ ಅದೊಂದೇ ಸುಳ್ಳು ನಾನು ಬರೆದದ್ದು,
ಅದಕ್ಕೂ ಸಹಿ ಬಿತ್ತು, ಮೊಹರು ಬಿತ್ತು.
ಸಾಕ್ಷ್ಯ ಸಾಲದೆ ಅವನು ಮೆಟ್ಟಿಲಿಳಿದು ಹೋದ.
ಛತ್ರಿ ಮರೆತಿದ್ದ. ತಿರುಗಿ ಬಂದು
ನನ್ನ ಮೇಜಿನ ಪಕ್ಕದಿಂದಲೇ ತೆಗೆದುಕೊಂಡು ಹೋದ.

ಹೋದ ತಿಂಗಳು ಟ್ರಾಮಿನಲ್ಲಿ ಪಕ್ಕದ ಸೀಟಿಗೆ ಅವಳೇ.
ಎಂಬತ್ತು ದಾಟಿದೆ. ನನ್ನ ಗುರುತು ಸಿಗಲಿಲ್ಲ.
ಅದೂ ಇದೂ ಮಾತಾಡಿ, ಇಂಥ ಧಾರಾವಾಹಿಯಲ್ಲಿ
ಹೆಣವಾಗುತ್ತಿದ್ದೇನೆ ಅಂದರೆ ಮುಖವರಳಿತು.
'ಗುರುವಾರ ತಪ್ಪಿಸುವುದಿಲ್ಲ ನಾನು.
ನಲವತ್ತೈದು ನಿಮಿಷಕ್ಕೆ ಹಿಡಿದೇಬಿಡುತ್ತಾನಲ್ಲ!'
ಅದೆಲ್ಲ ಸುಳ್ಳಲ್ಲವೇ ಅಂದೆ, ಬಾಯಿತಪ್ಪಿ.
ಕೈಚೀಲ ತೊಡೆಯ ಮೇಲೆ ಸರಿಮಾಡಿಕೊಂಡು
'ನಿಜವನ್ನು ಆರು ವರ್ಷ ನೋಡಿದ್ದೇನೆ' ಅಂದಳು.
'ಗುರುವಾರ ರಾತ್ರಿ ಒಂದಿಷ್ಟು ನಿದ್ದೆ ಬರುತ್ತದೆ.'
ಮೀನುಪೇಟೆಯ ಸ್ಟಾಪಿನಲ್ಲಿ ಇಳಿದು ಹೋದಳು.
ನಾನು ಯಾರೆಂದು ಹೇಳಲಿಲ್ಲ.
ಹೇಳಲು ಏನೂ ಇಲ್ಲ ಎಂದಲ್ಲ.

ಅಗೋ, ಕೂಗುತ್ತಿದ್ದಾರೆ, ಐದನೆಯ ಸಲಕ್ಕೆ.
ಆ ಹುಡುಗನಿಗೆ, ಇನ್ಸ್‌ಪೆಕ್ಟರಿಗೆ, ಒಂದು ಮಾತು ಹೇಳು:
ನನ್ನ ಕಿವಿಯಲ್ಲಿ ಪಿಸುಗುಟ್ಟಿದರೆ ಸಾಲದು,
ಕೊನೆಯ ಬೆಂಚಿಗೆ ಕೇಳಬೇಕು.
ಕತ್ತಿನದು ಒಣಗಿತೇ ನೋಡು.
ನಡಿ.